ಎರಡು ವರ್ಷದಿಂದ ಚೆನ್ನಾಗಿದ್ದೇನೆ, ಬೈಪೋಲಾರ್ ಮಾತ್ರೆ ಬಿಡಬಹುದಾ?

ವಿಜಯನಗರ ಟೀಚರ್:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಬೇಸರ ಮಾಡಿಕೊಳ್ಳಬೇಡಿ.

ನನಗೆ 29 ವರ್ಷ. ಮನೆ ವಿಜಯನಗರದಲ್ಲಿ. ಮನೆ ಹತ್ತಿರದ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ಯುಗಾದಿ ಹೊತ್ತಿಗೆ ನನಗೆ ನಿದ್ದೆ ನಿಂತುಹೋಯಿತು. ರಾತ್ರಿ ಎರಡು ಗಂಟೆಗೆ ಅಡುಗೆಮನೆ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದೆ. ಹೆಡ್‌ಮಿಸ್ ಹತ್ತಿರ ಹೋಗಿ ಇಡೀ ಸಿಲಬಸ್ ಬದಲಾಯಿಸಬೇಕು ಅಂತ ಜಗಳ ಆಡಿದೆ. ಒಂಬತ್ತನೇ ದಿನ ಆಸ್ಪತ್ರೆ ಸೇರಿಸಿದರು. ಬೈಪೋಲಾರ್ 1 ಅಂದರು, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ (ಅದಕ್ಕೆ ಮೇನಿಯಾ ಅನ್ನುತ್ತಾರೆ), ಇನ್ನೊಮ್ಮೆ ಕುಸಿಯುವ ಕಾಯಿಲೆ. ಅವತ್ತಿನಿಂದ ರಾತ್ರಿ ಲಿಥಿಯಂ 900 ಮಿಲಿಗ್ರಾಂ, ಕ್ವೆಟಿಯಾಪಿನ್ 100 ಮಿಲಿಗ್ರಾಂ. ಮತ್ತೆ ಒಂದು ಸಲವೂ ಹಾಗೆ ಆಗಿಲ್ಲ.

ಆದರೆ ಕೈ ನಡುಗುತ್ತದೆ. ಮಕ್ಕಳ ಕಾಪಿ ಪುಸ್ತಕ ತಿದ್ದಿ ಕೆಂಪು ಪೆನ್ನಿನಲ್ಲಿ ನಕ್ಷತ್ರ ಹಾಕುವುದು ನನ್ನ ಅಭ್ಯಾಸ. ಈಗ ಆ ಐದು ಗೆರೆ ನೇರ ಬರುವುದಿಲ್ಲ. ಮೊನ್ನೆ ಒಬ್ಬಳು ಹುಡುಗಿ ಪಕ್ಕದಲ್ಲೇ ನಿಂತು ನೋಡಿ, "ಮಿಸ್, ನಿಮಗೆ ಚಳಿ ಆಗ್ತಿದೆಯಾ?" ಅಂತ ಕೇಳಿದಳು. ನಿಜ ಹೇಳಬೇಕೆಂದರೆ ಚಳಿಯೂ ಆಗುತ್ತದೆ. ಎಲ್ಲರೂ ಫ್ಯಾನ್ ಹಾಕಿಕೊಂಡು ಕೂತಿದ್ದರೆ ನನಗೆ ಸ್ವೆಟರ್ ಬೇಕು. ಏಳು ಕೆಜಿ ಜಾಸ್ತಿ ಆಗಿದ್ದೇನೆ. ಬಾಚಿದರೆ ಕೂದಲು ಕೈತುಂಬ ಬರುತ್ತದೆ. ಐದಾರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಖುಷಿ ಇಲ್ಲ, ಅಳುವೂ ಬರುವುದಿಲ್ಲ.

ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. "ಹುಷಾರಾಗಿದ್ದೀಯಲ್ಲ, ಇನ್ನೂ ಯಾಕೆ ಮಾತ್ರೆ?" ಅಂತ ಅಮ್ಮ ದಿನಾ ಕೇಳುತ್ತಾರೆ. ಪಾರ್ಕಿನ ಯೋಗ ಗುಂಪಿನವರು ಆರು ತಿಂಗಳು ಪ್ರಾಣಾಯಾಮ ಮಾಡಿದರೆ ಮಾತ್ರೆಯೇ ಬೇಡ ಅನ್ನುತ್ತಾರೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗಬೇಕು. ಹೋಗುವ ಮೊದಲೇ ನಾನೇ ಅರ್ಧ ಮಾಡಿ ನೋಡಲೇ ಅನಿಸುತ್ತಿದೆ. ಯಾರಾದರೂ ಮಾತ್ರೆ ಇಲ್ಲದೆ ಚೆನ್ನಾಗಿದ್ದೀರಾ? ದಯವಿಟ್ಟು ನಿಜ ಹೇಳಿ.

ಸುಲ್ತಾನ್‌ಪೇಟೆ ಡಿಟಿಪಿ:

ತಂಗಿ, ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಡಾಕ್ಟರನ್ನು ನೋಡುವ ತನಕ ಅರ್ಧ ಮಾಡಬೇಡಿ, ಕಾಲೂ ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ.

ನನಗೆ 46. ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಜಾಸ್ತಿ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು. ಬೈಪೋಲಾರ್ ಅಂತ ಗೊತ್ತಾಗಿದ್ದು 2008ರಲ್ಲಿ. ನಿಮಗೆ ಈಗ ಬಂದಿರುವ ಯೋಚನೆ ನನಗೆ 2013ರಲ್ಲಿ ಬಂತು. ನಾಲ್ಕೂವರೆ ವರ್ಷ ಏನೂ ಆಗಿರಲಿಲ್ಲ. ಕಾಯಿಲೆ ಹೋಗಿದೆ, ಸುಮ್ನೆ ನುಂಗುತ್ತಿದ್ದೇನೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ರಾತ್ರಿ ಊಟ ಆದ ಮೇಲೆ ಹೆಂಡತಿ ಮೂರು ಮಾತ್ರೆ ಅಂಗೈಗೆ ಹಾಕುತ್ತಿದ್ದಳು. ಬಾಯಿಗೆ ಹಾಕಿದ ಹಾಗೆ ಮಾಡಿ, ನೀರು ಕುಡಿದು, ಮಾತ್ರೆ ಜೇಬಿಗೆ ಇಳಿಸುತ್ತಿದ್ದೆ. ಮಾರನೇ ದಿನ ಪ್ರೆಸ್ಸಿಗೆ ತಂದು ಮೂಲೆಯಲ್ಲಿದ್ದ ಹಳೇ ಗೋಂದಿನ ಡಬ್ಬಿಯೊಳಗೆ ಹಾಕುತ್ತಿದ್ದೆ. ಕಸಕ್ಕೆ ಎಸೆಯಲು ಕೈ ಬರಲಿಲ್ಲ.

ಆರು ವಾರ ಏನೂ ಆಗಲಿಲ್ಲ. ಆ ಆರು ವಾರವೇ ನನ್ನನ್ನು ಕೆಡಿಸಿತು. ನಾನು ಹೇಳಿದ್ದೇ ಸರಿ ಅನ್ನುವ ಧೈರ್ಯ ಬಂತು. ಏಳನೇ ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ. ಆಗಷ್ಟೇ ಸ್ನಾನ ಮಾಡಿ ಬಂದ ಹಾಗೆ ಮೈ ಹಗುರ. ದಿನಕ್ಕೆ ಹದಿನೈದು ಕಾರ್ಡು ಮಾಡುತ್ತಿದ್ದವನು ಮೂವತ್ತು ಮಾಡಿದೆ. ಪ್ರೂಫಿನಲ್ಲಿ ಒಂದು ಒತ್ತಕ್ಷರವೂ ತಪ್ಪುತ್ತಿರಲಿಲ್ಲ. ಓನರ್ ಬೆನ್ನು ತಟ್ಟಿದರು. ಕಾಯಿಲೆ ಅಂದರೆ ನೋವು ಇರಬೇಕಲ್ವಾ? ಇದರಲ್ಲಿ ನೋವೇ ಇಲ್ಲ. ಇದೇ ಕಾಯಿಲೆ ಅಂತ ನನಗೆ ಹೊಳೆಯಲೇ ಇಲ್ಲ.

ಹತ್ತನೇ ವಾರ ನಾನೇ ಒಂದು ನಿಘಂಟು ಬರೆದು ಅಚ್ಚು ಹಾಕಿಸುತ್ತೇನೆ ಅಂತ ಹೊರಟೆ. ಒಂದು ಪುಟ ಬರೆದಿರಲಿಲ್ಲ. ಹೆಂಡತಿಯ ಬಳೆ ಗಿರವಿ ಇಟ್ಟು 1,40,000 ರೂಪಾಯಿಗೆ ಕಾಗದ ಕೊಂಡೆ. ಲಾರಿ ಬಂದು ಪ್ರೆಸ್ಸಿನ ಮುಂದೆ ನಿಂತಾಗ ಓನರ್ ನನ್ನ ಹೆಂಡತಿಗೆ ಫೋನ್ ಮಾಡಿದರು. ಅವಳು ಬಂದು ನನ್ನ ಟೇಬಲ್ ಸುತ್ತ ಹುಡುಕಿದಾಗ ಆ ಡಬ್ಬಿ ಸಿಕ್ಕಿತು. ಮಾತ್ರೆಗಳು ಗೋಂದಿಗೆ ಅಂಟಿಕೊಂಡು, ಉಬ್ಬಿ, ನೆನೆದ ಅವಲಕ್ಕಿ ಹಾಗೆ ಆಗಿದ್ದವು. ಅವಳು ಅಲ್ಲೇ ನೆಲದ ಮೇಲೆ ಕೂತು ಎಣಿಸಲು ಶುರು ಮಾಡಿದಳು. ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟು ನನ್ನ ಮುಖ ನೋಡಿದಳು. ಬಳೆ ಆಮೇಲೆ ಬಿಡಿಸಿಕೊಂಡೆವು. ಆ ನೋಟ ಮಾತ್ರ ನನಗೆ ಮರೆತಿಲ್ಲ.

ನಿಮ್ಹಾನ್ಸ್‌ನಲ್ಲಿ 23 ದಿನ ಇದ್ದೆ. ಹೆಂಡತಿ ವಾರ್ಡಿನಲ್ಲಿ ಜೊತೆಗೇ ಇದ್ದಳು. ಆಮೇಲೆ ಎಂಟು ತಿಂಗಳು ಡಿಪ್ರೆಶನ್. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ, ಅಷ್ಟೇ.

ಆಗ ಒಬ್ಬ ಡಾಕ್ಟರ್ ಕೂರಿಸಿಕೊಂಡು ತಿಳಿಸಿ ಹೇಳಿದರು. ನೀವು ಎರಡು ವರ್ಷ ಚೆನ್ನಾಗಿರುವುದು ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು. ಮಾತ್ರೆ ಬೇಡ ಅನ್ನುವುದಕ್ಕೆ ಅಲ್ಲ. ಲಿಥಿಯಂ ಒಮ್ಮೆಲೇ ಬಿಟ್ಟರೆ ಮೊದಲ ಕೆಲವು ತಿಂಗಳಲ್ಲೇ ಕಾಯಿಲೆ ತಿರುಗಿ ಬರುವ ಸಾಧ್ಯತೆ ಜಾಸ್ತಿ. ಯಾವತ್ತಾದರೂ ಬಿಡಲೇಬೇಕು ಅಂದರೂ ನಿಧಾನವಾಗಿ, ಡಾಕ್ಟರ ಕಣ್ಣೆದುರಿಗೆ ಇಳಿಸಬೇಕು.

ಲಿಥಿಯಂ ಏನು ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಅದೊಂದು ಮೂಲಧಾತು, ಸೋಡಿಯಂನ ಬಳಗದ್ದೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ವೈದ್ಯರು ಇದನ್ನು ಮೇನಿಯಾ ಇದ್ದ ರೋಗಿಗಳಿಗೆ ಕೊಟ್ಟು ನೋಡಿ ವರದಿ ಬರೆದರು. ಇವತ್ತಿಗೂ ಬೈಪೋಲಾರ್‌ಗೆ ಇದು ದೊಡ್ಡ ಔಷಧಿ. ಆತ್ಮಹತ್ಯೆಯ ಅಪಾಯವನ್ನೂ ಕಡಿಮೆ ಮಾಡುತ್ತದೆ. ಆದರೆ ಇದಕ್ಕೆ ಕಾವಲು ಬೇಕು. ಮೈಯಲ್ಲಿ ನೀರು, ಉಪ್ಪು ಕಡಿಮೆ ಆದರೆ ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅದರ ಜೊತೆ ಲಿಥಿಯಂ ಕೂಡ ಉಳಿದುಬಿಡುತ್ತದೆ. ರಕ್ತದಲ್ಲಿ ಲೆವೆಲ್ ಏರುತ್ತದೆ.

ನನಗೆ ಅದೂ ಆಗಿದೆ. 2019ರ ಏಪ್ರಿಲ್‌ನಲ್ಲಿ ಎರಡು ದಿನ ವಾಂತಿ, ಭೇದಿ. ಜೊತೆಗೆ ಬೆನ್ನು ನೋವು ಅಂತ ಮೆಡಿಕಲ್‌ನಿಂದ ನಾನೇ ಐಬುಪ್ರೊಫೆನ್ ತಂದು ನುಂಗಿದ್ದೆ. ಅದೂ ಲಿಥಿಯಂ ಲೆವೆಲ್ ಏರಿಸುತ್ತದೆ. ಮೂರನೇ ದಿನ ನಡೆದರೆ ತೂರಾಡುತ್ತಿದ್ದೆ, ಮಾತು ತೊದಲುತ್ತಿತ್ತು. ಕುಡಿದಿದ್ದಾನೆ ಅಂದರು ಅಕ್ಕಪಕ್ಕದವರು. ಹೆಂಡತಿ ಆಟೋ ಹಿಡಿದು ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋದಳು. ಅದಕ್ಕೇ ಹೇಳುತ್ತೇನೆ, ಭೇದಿ ಆದರೆ ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಿ. ನೀರು ಬಿಟ್ಟು ಉಪವಾಸ ಬೇಡ. ತೂಕ ಇಳಿಸಲು ಉಪ್ಪು ಬಿಡಬೇಡಿ. ನೋವಿನ ಮಾತ್ರೆ, ಬಿಪಿ ಮಾತ್ರೆ ಯಾವುದೇ ಇರಲಿ, ಲಿಥಿಯಂ ತಗೊಳ್ಳುತ್ತೇನೆ ಅಂತ ಹೇಳಿಯೇ ಕೇಳಿ ತಗೊಳ್ಳಿ.

ಈಗ ನಿಮ್ಮ ವಿಷಯ. ಕೊನೆಯ ಸಲ ಲಿಥಿಯಂ ಲೆವೆಲ್ ಯಾವಾಗ ಮಾಡಿಸಿದಿರಿ? ಥೈರಾಯ್ಡ್ ಯಾವಾಗ? ಚಳಿ, ತೂಕ, ಕೂದಲು ಉದುರುವುದು, ಮನಸ್ಸು ಮಂಕಾಗಿರುವುದು, ಇಷ್ಟನ್ನೂ ಓದಿದಾಗ ನನಗೆ ಮೊದಲು ಬಂದ ಯೋಚನೆ ಥೈರಾಯ್ಡ್. ನಾನು ಡಾಕ್ಟರ್ ಅಲ್ಲ. ಆದರೆ ಲಿಥಿಯಂ ತಗೊಳ್ಳುವವರಲ್ಲಿ ಥೈರಾಯ್ಡ್ ಕಡಿಮೆ ಆಗುವುದು ಸಾಮಾನ್ಯ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ಲಿಥಿಯಂ ಲೆವೆಲ್ ಮೂರನ್ನೂ ನೋಡಬೇಕು. ಲೆವೆಲ್‌ಗೆ ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಕೈ ನಡುಕಕ್ಕೂ ದಾರಿ ಇದೆ. ಮಾತ್ರೆ ಪೂರ್ತಿ ಬಿಡುವುದಕ್ಕೂ ಬಾಯಿ ಮುಚ್ಚಿಕೊಂಡು ನುಂಗುವುದಕ್ಕೂ ನಡುವೆ ಎಷ್ಟೋ ಇದೆ, ತಂಗಿ. ಅದನ್ನೆಲ್ಲ ಡಾಕ್ಟರ ಹತ್ತಿರ ಕೂತು ಕೇಳಿ. ನಕ್ಷತ್ರದ ವಿಷಯವನ್ನೂ ಹೇಳಿ. ಆ ಪುಸ್ತಕವನ್ನೇ ತಗೊಂಡು ಹೋಗಿ ತೋರಿಸಿ.

ಮಾತ್ರೆ ಒಂದರಿಂದಲೇ ಎಲ್ಲ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಅರ್ಧ ಔಷಧಿ ನಿದ್ದೆ. ಹಾಳಾದ ಕಾರ್ಡುಗಳ ಹಿಂಬದಿಯಲ್ಲಿ ದಿನಾ ಎರಡು ಅಂಕಿ ಬರೆಯುತ್ತೇನೆ, ಮಲಗಿದ ಹೊತ್ತು, ಎದ್ದ ಹೊತ್ತು. ಎರಡು ರಾತ್ರಿ ಸಾಲಾಗಿ ಐದು ಗಂಟೆಗಿಂತ ಕಡಿಮೆ ಬಂದರೆ ಮೂರನೇ ದಿನ ಡಾಕ್ಟರಿಗೆ ಫೋನ್. ಮದುವೆ ಸೀಸನ್‌ನಲ್ಲಿ ರಾತ್ರಿ ಕೆಲಸ ಮಾಡುವುದಿಲ್ಲ ಅಂತ ಓನರ್‌ಗೆ ಹೇಳಿದ್ದೇನೆ. ಶಿವರಾತ್ರಿ ಜಾಗರಣೆ ಬಿಟ್ಟಿದ್ದೇನೆ. ನಾನು ಹುಟ್ಟಿ ಬೆಳೆದಿದ್ದು ತಿಗಳರಪೇಟೆ ಹತ್ತಿರ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ನೋಡದೆ ಮಲಗುವುದು ನಮಗೆ ಊಹಿಸಲೂ ಆಗದ ಮಾತು. ಈಗ ಹತ್ತಕ್ಕೆ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಹೋಗಿ, ಕರಗ ಧರ್ಮರಾಯನ ಗುಡಿಗೆ ವಾಪಸ್ ಬರುವಾಗ ಕೈ ಮುಗಿಯುತ್ತೇನೆ. ಮೊದಲ ವರ್ಷ ಅಳು ಬಂತು. ಈಗ ಅಭ್ಯಾಸ ಆಗಿದೆ.

ಯೋಗವನ್ನೂ ಬಿಡಬೇಡಿ. ನಾನೂ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆದು, ಹನ್ನೆರಡು ಸೂರ್ಯನಮಸ್ಕಾರ ಹಾಕುತ್ತೇನೆ. ಮಾತ್ರೆ ಜೊತೆಗೆ ಮಾಡುತ್ತೇನೆ, ಮಾತ್ರೆ ಬದಲಿಗೆ ಅಲ್ಲ.

ವೈಟ್‌ಫೀಲ್ಡ್ ಕ್ಯಾಬ್:

ಮಾತ್ರೆ ಇಲ್ಲದೆ ಇರುವವರು ಇದ್ದಾರಾ ಅಂತ ಕೇಳಿದ್ದೀರಿ. ನಾನಿದ್ದೇನೆ, ಅದಕ್ಕೇ ಉತ್ತರಿಸಬೇಕು ಅನಿಸಿತು.

ನನ್ನದು ಬೈಪೋಲಾರ್ 2. ಪೂರ್ತಿ ಮೇನಿಯಾ ಯಾವತ್ತೂ ಆಗಿಲ್ಲ, ಆಸ್ಪತ್ರೆ ಸೇರಿಲ್ಲ. ಲ್ಯಾಮೊಟ್ರಿಜಿನ್ ತಗೊಳ್ಳುತ್ತಿದ್ದೆ. ನಾಲ್ಕು ವರ್ಷ ಸರಿ ಇದ್ದ ಮೇಲೆ ಡಾಕ್ಟರ ಜೊತೆ ಮಾತಾಡಿ ಎಂಟು ತಿಂಗಳು ಸ್ವಲ್ಪ ಸ್ವಲ್ಪವೇ ಇಳಿಸಿದೆವು. ನೈಟ್ ಶಿಫ್ಟ್ ಬಿಟ್ಟು ಸಂಬಳ ಕಡಿಮೆ ಇರುವ ಡೇ ಶಿಫ್ಟ್‌ಗೆ ಬಂದೆ. ಕುಡಿಯುವುದು ಪೂರ್ತಿ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಸೈಕಾಲಜಿಸ್ಟ್ ಹತ್ತಿರ ಹೋಗುತ್ತೇನೆ. "ಇವನು ಜಾಸ್ತಿ ಮಾತಾಡುತ್ತಿದ್ದಾನೆ" ಅಂತ ಹೆಂಡತಿಗೆ ಅನಿಸಿದರೆ ಅವಳೇ ನೇರ ಡಾಕ್ಟರಿಗೆ ಫೋನ್ ಮಾಡಬಹುದು ಅಂತ ಮೂವರೂ ಮೊದಲೇ ಮಾತಾಡಿಕೊಂಡಿದ್ದೇವೆ. ಇಷ್ಟೆಲ್ಲ ಇದ್ದೂ ಒಂದು ಸಲ ತಲೆ ಓಡಲು ಶುರುವಾಯಿತು. ಆರು ವಾರ ಮತ್ತೆ ಮಾತ್ರೆ ತಗೊಂಡೆ. ಮುಂದೆ ಮತ್ತೆ ಬೇಕಾದರೆ ತಗೊಳ್ಳುತ್ತೇನೆ.

ನನ್ನ ಕಥೆ ಓದಿ ನೀವು ಬಿಡಬೇಡಿ. ಒಂಬತ್ತು ದಿನದಲ್ಲಿ ಆಸ್ಪತ್ರೆ ಸೇರುವ ಮಟ್ಟಕ್ಕೆ ನಿಮಗೆ ಆಗಿದೆ. ನನ್ನದೂ ನಿಮ್ಮದೂ ಒಂದೇ ಅಲ್ಲ.

ಜೆಪಿ ನಗರ ಅಮ್ಮ:

ಮದುವೆ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನನಗೆ 36, ಬೈಪೋಲಾರ್ 1, ನಾಲ್ಕು ವರ್ಷದ ಮಗ ಇದ್ದಾನೆ.

ಮದುವೆಗೋಸ್ಕರ ಮಾತ್ರೆ ಬಿಡಬೇಡಿ. ಮದುವೆ ಅಂದರೆ ಓಡಾಟ, ಸೀರೆ ಅಂಗಡಿ, ನೆಂಟರು, ನಿದ್ದೆಗೇಡು. ಮಾತ್ರೆ ಬೇಕೇ ಬೇಕಾಗುವ ಹೊತ್ತು ಅದು. ನನಗೆ ಎರಡು ಸಂಬಂಧ ಇದೇ ವಿಷಯಕ್ಕೆ ತಪ್ಪಿಹೋದವು. ಮೂರನೆಯವರಿಗೆ ನಾನೇ ಮೊದಲ ಭೇಟಿಯಲ್ಲೇ ಹೇಳಿದೆ. "ಮಾತ್ರೆ ಹೆಸರು ಬರೆದುಕೊಡಿ, ಓದಿಕೊಳ್ಳುತ್ತೇನೆ" ಅಂದರು. ಅವರನ್ನೇ ಮದುವೆ ಆದೆ. ಮುಚ್ಚಿಟ್ಟು ಮದುವೆ ಮಾಡಿ, ಆಮೇಲೆ ಮಾತ್ರೆ ಬಚ್ಚಿಟ್ಟು ತಗೊಳ್ಳುವ ಕಷ್ಟ ಯಾವ ಹೆಣ್ಣುಮಗಳಿಗೂ ಬೇಡ.

ಮಗು ಬೇಕು ಅನಿಸಿದಾಗ ಒಂದು ವರ್ಷ ಮೊದಲೇ ಡಾಕ್ಟರಿಗೆ ಹೇಳಿ. ನನಗೆ ಮೊದಲು ವಾಲ್ಪ್ರೋಯೇಟ್ ಕೊಡುತ್ತಿದ್ದರು. ಬಸಿರಲ್ಲಿ ಅದು ಮಗುವಿನ ಬೆನ್ನುಹುರಿಗೆ, ಬುದ್ಧಿ ಬೆಳವಣಿಗೆಗೆ ಅಪಾಯ. ಮಗು ಹೆರುವ ವಯಸ್ಸಿನವರಿಗೆ ಅದನ್ನು ಕೊಡದಿರಲು ನೋಡುತ್ತಾರೆ. ಡಾಕ್ಟರು ಮೊದಲೇ ಬದಲಾಯಿಸಿ ಲಿಥಿಯಂಗೆ ತಂದರು. ಲಿಥಿಯಂನಲ್ಲೂ ಮಗುವಿನ ಹೃದಯಕ್ಕೆ ಸ್ವಲ್ಪ ಅಪಾಯ ಇದೆ, ಅದನ್ನು ತೂಗಿ ನೋಡಿಯೇ ಮುಂದುವರಿಸಿದರು. ಬಸಿರಲ್ಲಿ ಲೆವೆಲ್ ಇಳಿಯುತ್ತದೆ ಅಂತ ಮತ್ತೆ ಮತ್ತೆ ರಕ್ತ ಪರೀಕ್ಷೆ. ಹೆರಿಗೆ ಆದ ಮೇಲಿನ ವಾರಗಳಲ್ಲಿ ಕಾಯಿಲೆ ತಿರುಗಿ ಬರುವುದು ಜಾಸ್ತಿ. ಹಾಗಾಗಿ ಬಾಣಂತನದಲ್ಲಿ ರಾತ್ರಿ ಹೊತ್ತು ಮಗುವಿಗೆ ನನ್ನ ಅಮ್ಮ ಬಾಟಲಿ ಹಾಲು ಕೊಟ್ಟರು, ನಾನು ಮಲಗಿದೆ. ಎದೆಹಾಲು ಕೊಡದ ತಾಯಿ ಅಂತ ಮಾತು ಬಂತು. ಬರಲಿ. ಮಗ ಚೆನ್ನಾಗಿದ್ದಾನೆ, ನಾನೂ ಚೆನ್ನಾಗಿದ್ದೇನೆ.

ಕೆಂಗೇರಿ ತಮ್ಮ:

ನನ್ನ ಅಕ್ಕನಿಗೆ ಈ ಕಾಯಿಲೆ. ನೋಡಿಕೊಳ್ಳುವವನಾಗಿ ಎರಡೇ ಮಾತು.

ಒಂದು, ಚೆನ್ನಾಗಿರುವಾಗಲೇ ಕಾಗದದ ಕೆಲಸ ಮುಗಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ನಿಮಗೆ ಕಾಯಿಲೆ ಜೋರಾದಾಗ ನಿಮ್ಮ ಪರವಾಗಿ ಮಾತಾಡುವವರು ಯಾರು ಅಂತ ನೀವೇ ಆರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ಅಕ್ಕ ನನ್ನ ಹೆಸರು ಬರೆದಿದ್ದಾಳೆ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತಲೂ ಮೊದಲೇ ಬರೆದಿಡಲು ಆ ಕಾಯ್ದೆಯಲ್ಲಿ ಅವಕಾಶ ಇದೆ.

ಎರಡು, ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ ಟೆಲಿ ಮನಸ್, 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನುವ ಯೋಚನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಒಂದು ರಾತ್ರಿ ಅಕ್ಕನ ರೂಮಿನ ಬಾಗಿಲ ಹೊರಗೆ ಕೂತು ನಾನೇ ಈ ನಂಬರ್‌ಗೆ ಮಾತಾಡಿದ್ದೇನೆ.

ವಿಜಯನಗರ ಟೀಚರ್:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಅರ್ಧ ಮಾಡಲಿಲ್ಲ. ನಿನ್ನೆ ಡಾಕ್ಟರ ಹತ್ತಿರ ಹೋಗಿ ಬಂದೆ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ಡಿಟಿಪಿ ಅಣ್ಣ, ನೀವು ಕೇಳಿದ ಮೇಲೆ ಫೈಲು ತೆಗೆದು ನೋಡಿದರೆ ಥೈರಾಯ್ಡ್ ಮಾಡಿಸಿ 14 ತಿಂಗಳಾಗಿತ್ತು. ಊರಿಗೆ ಹೋಗಿದ್ದಾಗ ಒಂದು ಅಪಾಯಿಂಟ್‌ಮೆಂಟ್ ತಪ್ಪಿಸಿದ್ದೆ, ಆಮೇಲೆ ಮರೆತೇಹೋಗಿತ್ತು. ಈಗ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆ ಆದಾಗ ರಕ್ತದಲ್ಲಿ ಏರುವ ಅಂಕಿ) 14 ಬಂದಿದೆ, ಜಾಸ್ತಿಯೇ. ಮನಸ್ಸು ಮಂಕಾಗಿರುವುದಕ್ಕೆ, ಚಳಿಗೆ ಇದೇ ಕಾರಣ ಇರಬಹುದು ಅಂದರು. ಥೈರಾಕ್ಸಿನ್ ಅನ್ನುವ ಥೈರಾಯ್ಡ್ ಮಾತ್ರೆ ಶುರು ಮಾಡಿದ್ದಾರೆ. ಲಿಥಿಯಂ ಲೆವೆಲ್ 1.1 ಇತ್ತು. ಡೋಸ್ ಸ್ವಲ್ಪ ಇಳಿಸಿ, ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದ್ದಾರೆ. ನಡುಕ ಅದರಲ್ಲೂ ಕಡಿಮೆ ಆಗದಿದ್ದರೆ ಅದಕ್ಕೆ ಬೇರೆ ಮಾತ್ರೆ ಇದೆಯಂತೆ.

ಕಾಪಿ ಪುಸ್ತಕ ತಗೊಂಡು ಹೋಗಿದ್ದೆ. ಡಾಕ್ಟರು ನಕ್ಷತ್ರಗಳನ್ನು ಒಂದೊಂದಾಗಿ ನೋಡಿ, ಜೂನ್‌ನದ್ದು ಯಾವುದು, ಈಗಿನದು ಯಾವುದು ಅಂತ ಕೇಳಿದರು. ಅಮ್ಮ ಆ ಪುಟಗಳನ್ನು ನೋಡಿದ್ದು ಅವತ್ತೇ. ಬಸ್ಸಿನಲ್ಲಿ ವಾಪಸ್ ಬರುವಾಗ, "ಎಷ್ಟು ಹೊತ್ತಿಗೆ ಕೊಡಬೇಕು ಮಾತ್ರೆ?" ಅಂತ ಅವರೇ ಕೇಳಿದರು.

ಒಂದು ಸಣ್ಣ ಪ್ರಶ್ನೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಂದರು. ಎದ್ದ ತಕ್ಷಣ ನನಗೆ ಕಾಫಿ ಬೇಕೇ ಬೇಕು. ಎಷ್ಟು ಹೊತ್ತು ಬಿಡಬೇಕು?

ಜೆಪಿ ನಗರ ಅಮ್ಮ:

ಕಡಿಮೆ ಅಂದರೂ ಅರ್ಧ ಗಂಟೆ, ಒಂದು ಗಂಟೆ ಆದರೆ ಇನ್ನೂ ಒಳ್ಳೆಯದು. ನಾನು ಎದ್ದ ತಕ್ಷಣ ನೀರಿನಲ್ಲಿ ಮಾತ್ರೆ ನುಂಗಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸ್ನಾನ ಮುಗಿಸಿ ಕಾಫಿ ಕುಡಿಯುತ್ತೇನೆ.